ಟವರಿಗೆ ಥಳಿ ಹೊಡೆದ ಓಬಳೆಪ್ಪ

ಓಬಳೆಪ್ಪನ ವಾರದ ರಜೆ ಬುಧವಾರ. ಆ ದಿನ ಬೆಳಿಗ್ಗೆ ಅವನು ನುಣ್ಣಗೆ ಗಡ್ಡ ತೆಗೆದು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು, ಕೊಪ್ಪಳದ ಬಸ್ ನಿಲ್ದಾಣದಲ್ಲಿ ಅಳವಂಡಿ ಬಸ್ಸಿಗೆ ಕಾಯುತ್ತಿದ್ದ. ಐವತ್ತರ ಗಂಡಸು ತನ್ನ ಹೆಂಡತಿಯನ್ನೇ ನೋಡಲು ಹೊಸ ಅಳಿಯನ ಹಾಗೆ ಸಿಂಗರಿಸಿಕೊಂಡು ಹೋಗುವುದನ್ನು ಕಂಡು ನಮ್ಮ ಕಾರ್ಖಾನೆಯಲ್ಲಿ ನಗದವರಿರಲಿಲ್ಲ. ನಾನೂ ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾನು ವಿರುಪಣ್ಣ. ಅದೇ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲ್ವಿಚಾರಕನಾಗಿದ್ದೆ. ಕೊಪ್ಪಳದಿಂದ ಹೊಸಪೇಟೆಯ ಕಡೆ ಹೊರಟರೆ ಕಾಣುವ ಚಿಮಣಿಗಳಲ್ಲಿ ನಮ್ಮದೂ ಒಂದು. ಯಾವುದು ಎಂದು ಕೇಳಬೇಡಿ, ಹೇಳುವುದಿಲ್ಲ. ನಮ್ಮಲ್ಲಿ ಅದಿರನ್ನೂ ಕಲ್ಲಿದ್ದಲನ್ನೂ ಉದ್ದನೆಯ ತಿರುಗುವ ಭಟ್ಟಿಯಲ್ಲಿ ಕಾಯಿಸಿ ಕಬ್ಬಿಣ ತೆಗೆಯುತ್ತಾರೆ. ಭಟ್ಟಿಯಿಂದ ಹೊರಬರುವ ಗಾಳಿ ಸಾವಿರ ಡಿಗ್ರಿಯ ಹತ್ತಿರ ಕಾದಿರುತ್ತದೆ, ಮೈತುಂಬ ಕರಿ ದೂಳು ಹೊತ್ತಿರುತ್ತದೆ. ದೂಳನ್ನು ಸೋಸುವುದಕ್ಕೆ ಸಾಲು ಸಾಲು ಬಟ್ಟೆಯ ಚೀಲಗಳಿವೆ. ಸಾವಿರ ಡಿಗ್ರಿಯ ಗಾಳಿಯನ್ನು ಬಟ್ಟೆಯೊಳಗೆ ಬಿಟ್ಟರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅದಕ್ಕಾಗಿ ಮೊದಲು ಆ ಗಾಳಿಯನ್ನು ಎಂಟು ಅಂತಸ್ತಿನಷ್ಟು ಎತ್ತರದ ಒಂದು ಟವರಿನೊಳಗೆ ಮೇಲಿನಿಂದ ಕೆಳಕ್ಕೆ ಇಳಿಸಿ, ಅದರ ನೆತ್ತಿಯಲ್ಲಿ ಹನ್ನೊಂದು ನಾಜಲ್ಲುಗಳಿಂದ ನೀರು ಸಿಂಪಡಿಸಿ ತಣಿಸಬೇಕು. ಆ ಹನ್ನೊಂದು ನಾಜಲ್ಲುಗಳನ್ನು ನೋಡಿಕೊಳ್ಳುವವನು ಓಬಳೆಪ್ಪ.

ಅವನು ಹುಟ್ಟಿದ್ದು ಕಾರ್ಖಾನೆಯ ಪಶ್ಚಿಮಕ್ಕಿರುವ ಊರಲ್ಲಿ. ಅವನು ಹುಟ್ಟಿದಾಗ ಕಾರ್ಖಾನೆ ಇರಲಿಲ್ಲ, ಅಲ್ಲಿ ಜೋಳದ ಹೊಲಗಳಿದ್ದವು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರಿನ ಮುಂದೆ ನಿಂತ. ಸುಗ್ಗಿಯಲ್ಲಿ ಬೆಂದ ಭತ್ತವನ್ನು ಕಣದಲ್ಲಿ ಹರಡಲು ಊರೂರಿನಿಂದ ಹೆಣ್ಣಾಳುಗಳು ಬರುತ್ತಿದ್ದರು. ಅಳವಂಡಿಯ ಪಾರ್ವತೆಮ್ಮ ಬಂದದ್ದು ಹಾಗೆ. ಒಂದು ಬೆಳಿಗ್ಗೆ ಬಿಸಿ ಭತ್ತ ಸುರಿದಾಗ ಎದ್ದ ಹಬೆಯಲ್ಲಿ ಏನೂ ಕಾಣದೆ ಇವನು ಸುಮ್ಮನೆ ನಿಂತುಬಿಟ್ಟ.

"ಯಾರದು ಅಲ್ಲಿ ಕಂಬದಂಗ ನಿಂತಿದ್ದು? ಆ ಕಡಿ ಸರೀರಿ, ಕಾಲು ಸುಡ್ತಾವ!" ಎಂದು ಹಬೆಯ ಆಚೆಯಿಂದ ಒಂದು ಹೆಣ್ಣು ದನಿ ಗದರಿತು.

"ದನಿ ಮೊದಲು ಕೇಳ್ತು ಸಾಹೇಬ್ರ, ಮಾರಿ ಆಮ್ಯಾಲ ಕಂಡ್ತು," ಎಂದು ಅವನು ನನಗೆ ಎಷ್ಟು ಸಲ ಹೇಳಿದ್ದಾನೋ. ಪ್ರತಿ ಸಲವೂ ಆ ಹಬೆ ಈಗಷ್ಟೇ ಸರಿಯಿತು ಎನ್ನುವ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದ.

ಮದುವೆಯಾಯಿತು. ಸುಕನ್ಯಾ ಎಂಬ ಮಗಳು ಹುಟ್ಟಿದಳು. ಎರಡು ಸಾವಿರದ ನಾಲ್ಕರಲ್ಲಿ ನಮ್ಮ ಕಾರ್ಖಾನೆ ಶುರುವಾದಾಗ ಬಾಯ್ಲರಿನ ಅನುಭವವಿದೆಯೆಂದು ಇವನನ್ನು ತೆಗೆದುಕೊಂಡರು. ಸ್ವಂತ ಊರು, ಸೈಕಲ್ ತುಳಿದರೆ ಕಾಲು ಗಂಟೆ, ತಿಂಗಳ ಪಗಾರ. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

ಆಮೇಲೆ ಒಂದರ ಪಕ್ಕಕ್ಕೆ ಇನ್ನೊಂದರಂತೆ ಚಿಮಣಿಗಳು ಎದ್ದವು. ಊರಿನ ಮಾಳಿಗೆಗಳ ಮೇಲೆ ಕರಿ ಪುಡಿ ಕೂರತೊಡಗಿತು. ಹಾಲಿನ ಮೇಲೆ ತಟ್ಟೆ ಮುಚ್ಚಿದರೆ ತಟ್ಟೆ ಕಪ್ಪಾಗುತ್ತಿತ್ತು. ಪಾರ್ವತೆಮ್ಮನಿಗೆ ದಮ್ಮು ಹಿಡಿಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಳು. ಕೊಪ್ಪಳದ ಡಾಕ್ಟರು ಔಷಧಿ ಬರೆದುಕೊಟ್ಟು, ಈ ದೂಳಿನಲ್ಲಿ ಇದ್ದರೆ ಔಷಧಿಯೂ ಕೆಲಸ ಮಾಡುವುದಿಲ್ಲ ಎಂದರು. ಎರಡು ಸಾವಿರದ ಹದಿನೈದರ ಸಂಕ್ರಾಂತಿ ಮುಗಿಸಿ ಅವಳು ತವರಿಗೆ ಹೋದಳು. ಅಲ್ಲಿ ತಮ್ಮ ಹನಮೇಶ ಹಿಟ್ಟಿನ ಗಿರಣಿ ಇಟ್ಟಿದ್ದ. ಮಗಳನ್ನು ಅಷ್ಟರಲ್ಲಿ ಕುಷ್ಟಗಿಗೆ ಕೊಟ್ಟಾಗಿತ್ತು. ಓಬಳೆಪ್ಪ ಒಬ್ಬನೇ ಉಳಿದ.

ಪ್ರತಿ ಬುಧವಾರ ಅವನು ಹೋಗಿ ಕೇಳುವುದು ಒಂದೇ: "ಯಾವಾಗ ಬರ್ತೀ ಪಾರೀ?"

ಅವಳು ಹೇಳುವುದೂ ಒಂದೇ: "ಮುಗಲು ತಿಳಿ ಆಗ್ಲಿ, ಬರ್ತೀನಿ."

ನಾನು ಒಮ್ಮೆ ಕೇಳಿದೆ, "ಅಕಿ ಬರೂದು ಆಗೂದಿಲ್ಲಂದ್ರ ನೀನ ಅಲ್ಲಿ ಹೋಗಿ ಇರಬಾರದೇನ ಮಾರಾಯ?"

"ಮನಿ ಅಳಿಯ ಆಗಿ ಕುಂದ್ರಲೇನ್ರಿ?" ಎಂದು ಅವನು ಕೆಂಡವಾದ. ಹನಮೇಶ ಯಾವಾಗಲೋ ಒಳ್ಳೆಯ ಮನಸ್ಸಿನಿಂದಲೇ "ಮಾವ, ಇಲ್ಲೇ ಇದ್ದುಬಿಡು, ಗಿರಣಿ ನೋಡ್ಕೊಂಡು" ಎಂದದ್ದಕ್ಕೆ ಇವನು ಆ ದಿನ ಊಟ ಬಿಟ್ಟು ಎದ್ದು ಬಂದಿದ್ದನಂತೆ. ಈ ಸೊಕ್ಕಿಗೆ ಏನು ಹೇಳುವುದು? ಹಾಳಾಗಿ ಹೋಗು ಎಂದು ನಾನೂ ಬಿಟ್ಟುಬಿಟ್ಟೆ.

ಅವನ ಲೆಕ್ಕಾಚಾರ ಬೇರೆಯೇ ಇತ್ತು. ಚಿಮಣಿಯಿಂದ ದೂಳು ಹೋಗದಂತೆ ಮಾಡಿದರೆ ಆಕಾಶ ತಿಳಿಯಾಗುತ್ತದೆ; ಆಕಾಶ ತಿಳಿಯಾದರೆ ಪಾರ್ವತೆಮ್ಮ ಬರುತ್ತಾಳೆ. ಟವರಿನ ನೀರು ತನ್ನ ಕೈಯಲ್ಲೇ ಇದೆ. ಹಾಗಾದರೆ ಹೆಂಡತಿಯನ್ನು ಕರೆತರುವುದೂ ತನ್ನ ಕೈಯಲ್ಲೇ ಇದೆ. ಈ ಹುಚ್ಚು ಲೆಕ್ಕದ ಮೇಲೆ ಆ ಮನುಷ್ಯ ಎಂಟು ವರ್ಷ ಬದುಕಿದ.

ಅವನು ಮಾಡಿದ ಮೊದಲ ಕೆಲಸವೇ ಎಡವಟ್ಟು. ಅದನ್ನು ಹೇಳಬೇಕಾದರೆ ಥಳಿ ಎಂದರೇನು ಎಂದು ಹೇಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ತಂಬಿಗೆಯ ನೀರನ್ನು ಅಂಗೈಯಿಂದ ಚಟಚಟನೆ ಚಿಮುಕಿಸುತ್ತಾರೆ. ಅದಕ್ಕೆ ಥಳಿ ಹೊಡೆಯುವುದು ಎನ್ನುತ್ತೇವೆ. ದಪ್ಪ ದಪ್ಪ ಹನಿ ಬಿದ್ದು ಮಣ್ಣು ಕೂರುತ್ತದೆ, ಆಮೇಲೆ ರಂಗೋಲಿ. ನಮ್ಮ ಕಾರ್ಖಾನೆಯ ಕೂಲಿಗಳೆಲ್ಲ ಟವರಿನ ನೀರಿಗೂ ಥಳಿ ಎಂದೇ ಹೆಸರಿಟ್ಟಿದ್ದರು. ಹೆಸರು ಹಾಗಿಟ್ಟ ಮೇಲೆ ಅರ್ಥವೂ ಹಾಗೇ ಆಗುತ್ತದಲ್ಲ. ನೀರು ಬಿಡುವುದು ದೂಳು ಕೂರಲಿ ಎಂದು ಅಂತಲೇ ಎಲ್ಲರೂ ತಿಳಿದಿದ್ದರು. ಗಾಳಿಯನ್ನು ತಣಿಸುವುದಷ್ಟೇ ಅದರ ಕೆಲಸ, ದೂಳನ್ನು ಹಿಡಿಯುವುದು ಮುಂದಿನ ಚೀಲಗಳ ಕೆಲಸ ಎಂದು ಅವರನ್ನು ಕೂರಿಸಿಕೊಂಡು ಹೇಳಬೇಕಾದವನು ನಾನು. ನಾನು ಹೇಳಿರಲಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆ. ಮಗಳು ಏಳು ತಿಂಗಳ ಬಸುರಿ. ಕುಬಸವನ್ನು, ಅಂದರೆ ಸೀಮಂತವನ್ನು, ಮಗಳ ತವರುಮನೆಯಲ್ಲೇ ಮಾಡಬೇಕು, ಹಾಗಾಗಿ ಪಾರ್ವತೆಮ್ಮ ಊರಿಗೆ ಬರುವುದೆಂದು ನಿಶ್ಚಯವಾಗಿತ್ತು. ಇಲ್ಲಿಯ ಗಾಳಿ ತಡೆದುಕೊಳ್ಳಲಾದರೆ ಇಲ್ಲೇ ಇರುತ್ತೇನೆ ಎಂದೂ ಅವಳು ಅಂದಿದ್ದಳಂತೆ. ಓಬಳೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಟ್ಟಿ ನಿಲ್ಲಿಸಿ ರಿಪೇರಿ ಮಾಡುವ ಎರಡು ದಿನ ಸಿಕ್ಕಾಗ, ಹನ್ನೊಂದೂ ನಾಜಲ್ಲುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಯಾರಿಗೂ ಹೇಳದೆ, ಕೊಪ್ಪಳದಲ್ಲಿ ಲೇತ್ ಅಂಗಡಿ ಇಟ್ಟಿದ್ದ ಜಿಲಾನಸಾಬನ ಹತ್ತಿರ ಹೋದ.

"ತೂತು ದೊಡ್ಡದು ಮಾಡಿಕೊಡ್ರಿ. ಥಳಿ ಛಲೋ ಬೀಳಬೇಕು," ಎಂದ.

ಜಿಲಾನಸಾಬ ನಾಜಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಸಾಹೇಬ್ರಿಗೆ ಗೊತ್ತೈತೇನು?" ಎಂದು ಕೇಳಿದನಂತೆ. ಇವನು ಗೊತ್ತಿದೆ ಎಂದು ಹಸೀ ಸುಳ್ಳು ಹೇಳಿದ.

ಭಟ್ಟಿ ಮತ್ತೆ ಶುರುವಾದಾಗ ಮೊದಲ ದಿನ ಎಲ್ಲ ಚೆನ್ನಾಗಿಯೇ ಕಂಡಿತು. ಗಾಳಿ ಎಂದಿಗಿಂತ ತಣ್ಣಗಾಗಿತ್ತು, ನಾನು ಅವನ ಬೆನ್ನು ತಟ್ಟಿದೆ. ಎರಡನೆಯ ದಿನ ಟವರಿನ ಬುಡ ತೆರೆದರೆ ಒಣ ಬೂದಿ ಬರುವಲ್ಲಿ ಕರಿ ರಾಡಿ ಬಂತು. ದಪ್ಪ ಹನಿಗಳು ಪೂರ್ತಿ ಆವಿಯಾಗದೆ ಗೋಡೆಗೆ ಬಡಿದು, ದೂಳಿನ ಜೊತೆ ಕಲಸಿ, ಗಾರೆಯಂತೆ ಮೆತ್ತಿಕೊಂಡಿದ್ದವು. ಉಳಿದ ತೇವ ಚೀಲಗಳಿಗೆ ಹೋಯಿತು. ಒಣ ದೂಳಾದರೆ ಚೀಲವನ್ನು ಕೊಡವಿದರೆ ಉದುರುತ್ತದೆ. ಹಸಿ ದೂಳು ಬಟ್ಟೆಯ ಕಣ್ಣು ಮುಚ್ಚಿಬಿಡುತ್ತದೆ. ಮೂರನೆಯ ದಿನ ಬೆಳಿಗ್ಗೆ ಗಾಳಿಗೆ ದಾರಿಯೇ ಇಲ್ಲವಾಯಿತು. ಅಂಥ ಹೊತ್ತಿಗೆಂದೇ ಭಟ್ಟಿಯ ಪಕ್ಕದ ಕೊಳವೆಯ ನೆತ್ತಿಯ ಮೇಲೆ ಒಂದು ಮುಚ್ಚಳವಿದೆ. ಅದು ತೆರೆದುಕೊಂಡು, ಸೋಸದ ಹೊಗೆಯೆಲ್ಲ ನೇರ ಆಕಾಶಕ್ಕೆ ಹೋಗಿ, ಗಾಳಿ ಬೀಸದ ಆ ಹೊತ್ತಿನಲ್ಲಿ ಊರಿನ ಮೇಲೇ ಕವಿಯಿತು. ಓಬಳೆಪ್ಪನ ಮನೆಯ ಮುಂದೆ ಚಪ್ಪರ ಹಾಕಿ, ಸುಕನ್ಯಾಳನ್ನು ಮಣೆಯ ಮೇಲೆ ಕೂರಿಸಿದ್ದೂ ಅದೇ ಬೆಳಿಗ್ಗೆ.

ಹಸಿರು ಸೀರೆ ಉಟ್ಟ ಮಗಳಿಗೆ ಆರತಿ ಎತ್ತುತ್ತಲೇ ಪಾರ್ವತೆಮ್ಮ ಉಸಿರು ಸಿಗದೆ ಕುಸಿದಳು. ಜೀಪಿನಲ್ಲಿ ಹಾಕಿಕೊಂಡು ಕೊಪ್ಪಳದ ಆಸ್ಪತ್ರೆಗೆ ಒಯ್ದರು. ನಾನು ಹೋದಾಗ ಮೂಗಿಗೆ ಆಕ್ಸಿಜನ್ ಹಚ್ಚಿದ್ದರು. ಮಂಚದ ಕಾಲಿನ ಹತ್ತಿರ ಓಬಳೆಪ್ಪ ನೆಲದ ಮೇಲೆ ಕೂತು, ನನ್ನ ಎದುರಿಗೇ, ತೂತು ಕೊರೆಸಿದ್ದನ್ನೆಲ್ಲ ಅವಳಿಗೆ ಹೇಳಿದ.

ಅವಳು ಎಲ್ಲ ಕೇಳಿಸಿಕೊಂಡಳು. ಉಸಿರು ಎಳೆದುಕೊಳ್ಳುತ್ತಲೇ ನಕ್ಕಳು. "ಅದನ್ನೇನು ಅಂಗಳಾ ಅನ್ಕೊಂಡಿದ್ರೇನು?"

ಆಸ್ಪತ್ರೆಯಿಂದ ಅವಳು ಸೀದಾ ಅಳವಂಡಿಗೆ ಹೋದಳು. ನಾನು ಕಂಪನಿಗೆ, ನಾಜಲ್ ಸವೆದು ತೂತು ದೊಡ್ಡದಾಗಿತ್ತು ಎಂದು ವರದಿ ಬರೆದೆ. ನಾಜಲ್ಲುಗಳು ಸವೆಯುವುದು ಸುಳ್ಳಲ್ಲ. ಬಿಸಿ, ದೂಳು, ಕಲ್ಲಿದ್ದಲಿನ ಗಂಧಕ ಎಲ್ಲ ಸೇರಿ ಎಂಥ ಉಕ್ಕನ್ನೂ ತಿಂದುಹಾಕುತ್ತವೆ. ಆದರೆ ಆ ಸಲದ ಮಾತು ಸುಳ್ಳು. ಅವನ ಕೆಲಸ ಉಳಿಯಿತು. ಟವರಿನ ಗೋಡೆಗೆ ಮೆತ್ತಿದ್ದ ಗಾರೆಯನ್ನು ಹಾರೆ ಹಿಡಿದು ಒಡೆಯಲು ಹದಿನಾಲ್ಕು ದಿನ ಹಿಡಿಯಿತು. ಬೇರೆ ಯಾರನ್ನೂ ಅವನು ಒಳಗೆ ಇಳಿಯಗೊಡಲಿಲ್ಲ.

ಅಲ್ಲಿಂದ ಮೂರು ವರ್ಷ ಅವನು ನೀರು, ಹನಿ ಎಂಬ ಮಾತನ್ನೇ ಎತ್ತಲಿಲ್ಲ. ಹೇಳಿದಷ್ಟು ಮಾಡುತ್ತಿದ್ದ, ಬುಧವಾರ ಹೋಗಿ ಬರುತ್ತಿದ್ದ. ಎರಡು ಸಾವಿರದ ಹತ್ತೊಂಬತ್ತರಲ್ಲಿ ಶಾಂಭವಿ ಎಂಬ ಹುಡುಗಿ ಎಂಜಿನಿಯರಾಗಿ ಬಂದಳು. ಯಲಬುರ್ಗಾದ ಕಿರಾಣಿ ವ್ಯಾಪಾರಿಯ ಮಗಳು, ಇಪ್ಪತ್ತಾರು ವರ್ಷ, ನಾಲಿಗೆ ಚುರುಕು. ಬಂದ ವಾರದಲ್ಲೇ ಟವರಿನ ಬುಡದಲ್ಲಿ ಕೂತು ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇನ್ನೂ ತೇವ ಐತಿ. ಹನಿ ದಪ್ಪ ಬೀಳಾಕತ್ತಾವ," ಎಂದಳು.

ಹನಿ ಎಷ್ಟು ದಪ್ಪ ಎಂದು ನೋಡುವುದಕ್ಕೆ ಅವಳು ಒಂದು ಉಪಾಯ ಮಾಡಿದಳು. ಗಾಜಿನ ತುಂಡನ್ನು ಚಿಮಣಿ ದೀಪದ ಮೇಲೆ ಹಿಡಿದು ಮಸಿ ಹಿಡಿಸುವುದು. ನಾಜಲ್ಲನ್ನು ಹೊರಗೆ ಹಚ್ಚಿ, ಅದರ ಎದುರಿಗೆ ಗಾಜನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ತೆಗೆಯುವುದು. ಹನಿ ಬಿದ್ದಲ್ಲೆಲ್ಲ ಮಸಿಯಲ್ಲಿ ಗುಂಡನೆಯ ಬಿಳಿ ಚುಕ್ಕೆ ಮೂಡುತ್ತದೆ. ಅದನ್ನು ಭೂತಗನ್ನಡಿಯಲ್ಲಿ ನೋಡಿದರೆ ಯಾವ ನಾಜಲ್ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಓಬಳೆಪ್ಪ ದೂರ ನಿಂತು ನೋಡುತ್ತಿದ್ದವನು ಹತ್ತಿರ ಬಂದ.

"ಮೇಡಂ, ಚುಕ್ಕಿ ಒಂದು ಈಟು ದೊಡ್ಡದಾದ್ರ ಏನಾಗ್ತದ್ರಿ?"

"ನಿಮ್ಮ ಮನ್ಯಾಗ ಸಂಡಿಗಿ ಹಾಕ್ತಾರಲ್ಲ ಕಾಕಾ? ತೆಳ್ಳಂದು ಒಂದ ದಿನಕ್ಕ ಒಣಗ್ತದ. ಅದರ ಎರಡರಷ್ಟು ದಪ್ಪ ಇಟ್ರ?"

"ಎರಡ ದಿನ ಅಲ್ರಿ, ನಾಕ ದಿನ ಬೇಕು."

"ಹನೀನೂ ಹಂಗ. ಎರಡರಷ್ಟು ದಪ್ಪಾದ್ರ ನಾಕರಷ್ಟು ಹೊತ್ತು ಬೇಕು. ಟವರಿನ ಮ್ಯಾಲಿಂದ ಬುಡದ ತನಕ ಅದಕ್ಕ ಐದಾರು ಸೆಕೆಂಡ್ ಅಷ್ಟ ಸಿಗೂದು. ಅಷ್ಟರಾಗ ಮುಗೀಬೇಕು. ನೀರು ಹೆಚ್ಚಿಗಿ ಬಿಟ್ರ ಆಗೂದಿಲ್ಲ, ಹನಿ ಸಣ್ಣು ಮಾಡಬೇಕು."

ಓಬಳೆಪ್ಪ ಆ ಗಾಜನ್ನು ಬೆಳಕಿಗೆ ಹಿಡಿದು ಚುಕ್ಕೆಗಳನ್ನು ಒಂದೊಂದಾಗಿ ನೋಡಿದ. ಮೂರು ವರ್ಷದ ಹಿಂದೆ ಇಷ್ಟನ್ನು ಯಾರಾದರೂ ಹೇಳಿದ್ದರೆ ಎಂದು ಅವನು ಬಾಯಿಬಿಟ್ಟು ಅನ್ನಲಿಲ್ಲ. ನಾನು ಮಾತ್ರ ಅವನ ಮುಖ ನೋಡಲಾಗದೆ ಬೇರೆ ಕಡೆ ತಿರುಗಿದೆ.

ಆ ದಿನದಿಂದ ಅವನು ಶಾಂಭವಿಯ ಬೆನ್ನು ಬಿಡಲಿಲ್ಲ. ಟವರಿನ ಪಕ್ಕದಲ್ಲಿ ದಪ್ಪ ಗಾಜಿನ ಒಂದು ಇಣುಕುಕಿಂಡಿ ಇದೆ. ಅದರಲ್ಲಿ ಕಣ್ಣಿಟ್ಟರೆ ಮೇಲೆ ಕೆಂಪು ಕಾವು, ಅದರೊಳಕ್ಕೆ ಇಳಿಯುವ ನೀರಿನ ಬಿಳಿ ಜೊಂಪೆ, ಸ್ವಲ್ಪ ಕೆಳಗೆ ಏನೂ ಇಲ್ಲ. ಒಮ್ಮೆ ಮೂವರೂ ಅಲ್ಲಿ ನಿಂತಿದ್ದಾಗ ಶಾಂಭವಿ ಇನ್ನೊಂದು ಸಂಗತಿ ಹೇಳಿದಳು. ಸುತ್ತ ಎಂಟುನೂರು, ಒಂಬೈನೂರು ಡಿಗ್ರಿ ಇದ್ದರೂ ಹನಿ ಕುದಿಯುವುದಿಲ್ಲ. ಬಂದ ಬಿಸಿಯನ್ನೆಲ್ಲ ಅದು ತನ್ನ ಮೈಯಿಂದ ಆವಿ ಬಿಡುವುದಕ್ಕೇ ಖರ್ಚು ಮಾಡುತ್ತದೆ. ಆ ಆವಿಯೇ ಅದರ ಸುತ್ತ ಒಂದು ತೆಳು ಹೊದಿಕೆಯಾಗುತ್ತದೆ. ಕುದಿಯುವ ಹದಕ್ಕಿಂತ ಕೆಳಗೇ ಇದ್ದುಕೊಂಡು ಸವೆಯುತ್ತ ಸವೆಯುತ್ತ ಹೋಗುತ್ತದೆ.

ಓಬಳೆಪ್ಪ ಕಿಂಡಿಯಿಂದ ಕಣ್ಣು ತೆಗೆಯದೆ, "ಅಂದ್ರ, ಹೋಗೂ ತನಕಾ ಕುದಿಯೂದಿಲ್ಲೇನ್ರಿ?" ಎಂದು ಕೇಳಿದ.

"ಇಲ್ಲ ಕಾಕಾ. ಕಡೀತನಕಾ ಇಲ್ಲ."

"ನಮ್ಮ ಮನಿಯಾಕೀನೂ ಹಂಗ ಅದಾಳ ನೋಡ್ರಿ. ಒಂದ ದಿನಾ ಸಿಟ್ಟ ಮಾಡ್ಲಿಲ್ಲ ಅಕಿ ನನ್ನ ಮ್ಯಾಲ," ಎಂದವನ ದನಿ ಒಡೆಯಿತು. ಶಾಂಭವಿ ನನ್ನ ಮುಖ ನೋಡಿದಳು. ನಾನು ಅವಳಿಗೆ ಆಮೇಲೆ ಎಲ್ಲ ಹೇಳಿದೆ.

ಕೆಲಸ ಒಂದೆರಡು ತಿಂಗಳಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಗಟ್ಟಿ ಲೋಹದ ಹೊಸ ನಾಜಲ್ಲು ತರಿಸಬೇಕಿತ್ತು, ನೀರಿನ ಜೊತೆ ಬಿಡುವ ಗಾಳಿಯ ಒತ್ತಡ ಹೆಚ್ಚಿಸಬೇಕಿತ್ತು, ನಡುವೆ ಕೊರೊನಾ ಬಂದು ಎಲ್ಲ ನಿಂತಿತು. ಶಾಂಭವಿ ಕಂಪನಿಯ ಜೊತೆ ಜಗಳವಾಡಿ ಒಂದೊಂದನ್ನೇ ತರಿಸಿದಳು. ಓಬಳೆಪ್ಪ ವಾರಕ್ಕೊಮ್ಮೆ ಒಂದೊಂದು ನಾಜಲ್ ಬಿಚ್ಚಿ ಮಸಿಗಾಜು ಹಿಡಿಯುತ್ತಿದ್ದ. ಕೊನೆಕೊನೆಗೆ ಗಾಜೂ ಬೇಕಿರಲಿಲ್ಲ. ಕೊಳವೆಗೆ ಕಿವಿಯಿಟ್ಟು, "ಏಳನೇದು ಒರಟು ಮಾತಾಡಾಕತ್ತೈತ್ರಿ, ಬಿಚ್ಚೂನು," ಎನ್ನುವನು. ಬಿಚ್ಚಿ ನೋಡಿದರೆ ತೂತಿನ ಅಂಚು ಕೂದಲೆಳೆಯಷ್ಟು ಸವೆದಿರುತ್ತಿತ್ತು. ಎರಡು ಸಾವಿರದ ಇಪ್ಪತ್ಮೂರರ ಯುಗಾದಿಯ ಹೊತ್ತಿಗೆ ಟವರಿನ ಬುಡದ ಬೂದಿ ಗೋಧಿ ಹಿಟ್ಟಿನಂತೆ ಒಣಗಿ ಬೀಳತೊಡಗಿತು. ಆಮೇಲೆ ಒಂದು ಚೀಲವೂ ಕೆಡಲಿಲ್ಲ. ನಮ್ಮ ಚಿಮಣಿಯ ತುದಿಯಲ್ಲಿ ಬಿಸಿಗಾಳಿಯ ನಡುಕ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವಾಗ ಓಬಳೆಪ್ಪ ಅಳವಂಡಿಗೆ ಹೋಗಿ, "ಮುಗಲು ತಿಳಿ ಆಗೇತಿ ಪಾರೀ, ನಡಿ," ಎಂದ. ಅವಳು ಬಂದಳು.

ಆ ಹನ್ನೊಂದು ದಿನ ನೀವು ಅವನನ್ನು ನೋಡಬೇಕಿತ್ತು. ಶಿಫ್ಟ್ ಮುಗಿಯುವ ಹತ್ತು ನಿಮಿಷ ಮೊದಲೇ ಕೈಕಾಲು ತೊಳೆದು ಗೇಟಿನ ಹತ್ತಿರ ನಿಂತಿರುತ್ತಿದ್ದ. ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಂದು, ಬೇಡವೆಂದರೂ ನನ್ನ ಕೈಗೆ ಹಾಕುತ್ತಿದ್ದ. ಹನಿಯ ವಿದ್ಯೆಯನ್ನೆಲ್ಲ ಒಲೆಯ ಮುಂದೆ ಕೂತು ಹೆಂಡತಿಗೆ ಪಾಠ ಮಾಡಿದನಂತೆ. ಅವಳು ಪೂರ್ತಿ ಕೇಳಿ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿ ತೋರಿಸಿದಳಂತೆ: "ಹದಕ್ಕ ಕಾದ್ರ ಚುಂಯ್ ಅಂತದ. ಅತೀ ಕಾದ್ರ ಹನಿ ಆರೂದಿಲ್ಲ, ಗುಂಡಗ ಓಡ್ಯಾಡ್ತದ. ಇದನ್ನ ಕಲಿಯಾಕ ನಿಮಗ ಎಂಟ ವರ್ಸ ಬೇಕಾತು? ನನ್ನ ಕೇಳಿದ್ರ ಹೇಳ್ತಿದ್ನಿ." ಇದನ್ನು ನನಗೆ ಹೇಳುವಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೂ ಸಂತೋಷವಾಗಿತ್ತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಹನ್ನೆರಡನೆಯ ದಿನ ಗಾಳಿ ತಿರುಗಿತು. ಅಲ್ಲಿಯ ತನಕ ಪಡುವಣದಿಂದ ಬೀಸುತ್ತಿದ್ದದ್ದು, ಚಳಿ ಶುರುವಾದಂತೆ ಮೂಡಗಾಳಿಯಾಯಿತು. ಬೆಳಿಗ್ಗೆ ಎಂಟರ ಹೊತ್ತಿಗೆ ಓಬಳೆಪ್ಪ ಓಡಿ ಬಂದು, ಸೀದಾ ಟವರಿನ ಮೆಟ್ಟಿಲು ಹತ್ತಿದ. ನಾನು ಏದುಸಿರು ಬಿಡುತ್ತ ಹಿಂದೆ ಹತ್ತಿದೆ. ಮೇಲೆ ಅವನು ಹನ್ನೊಂದೂ ಕೊಳವೆಗಳಿಗೆ ಕಿವಿಯಿಟ್ಟ. ಎಲ್ಲ ಸರಿಯಿದ್ದವು. ನಮ್ಮ ಚಿಮಣಿ ನೋಡಿದ. ಅದರ ಬಾಯಿ ಸ್ವಚ್ಛವಾಗಿತ್ತು.

"ಹಂಗಾರ ಮನಿ ಮ್ಯಾಲ ಕರಿ ಎಲ್ಲಿಂದ ಬಿತ್ರಿ?" ಎಂದು ಅವನು ನನ್ನನ್ನು ಕೇಳಿದ. ಅಷ್ಟು ಎತ್ತರದಿಂದ ಮೂಡಣ ದಿಕ್ಕಿನ ಉಳಿದ ಚಿಮಣಿಗಳೆಲ್ಲ ಕಾಣುತ್ತಿದ್ದವು, ಅವುಗಳ ಹೊಗೆ ಸಾಲಾಗಿ ಅವನ ಊರಿನ ಕಡೆಗೇ ಬಾಗಿತ್ತು. ಎಂಟು ವರ್ಷ ಆ ಕಡೆ ಒಂದು ದಿನವೂ ಅವನು ಕಣ್ಣೆತ್ತಿ ನೋಡಿರಲಿಲ್ಲ. ಕರಿ ಬೀಳುವುದೆಲ್ಲ ತನ್ನ ಟವರಿನಿಂದ, ತನ್ನ ತಪ್ಪಿನಿಂದ ಎಂದೇ ನಂಬಿಕೊಂಡಿದ್ದ. ಕಂಬಿಗೆ ಹಣೆ ಹಚ್ಚಿ ಅವನು ಮಗುವಿನ ಹಾಗೆ ಅತ್ತ.

ಆ ಸಂಜೆಯ ಬಸ್ಸಿಗೆ ಪಾರ್ವತೆಮ್ಮ ಅಳವಂಡಿಗೆ ಮರಳಿದಳು.

ಅದಾದ ಮೇಲೆ ನಾಲ್ಕು ಬುಧವಾರ ಓಬಳೆಪ್ಪ ಎಲ್ಲಿಗೂ ಹೋಗಲಿಲ್ಲ. ಗಡ್ಡ ಬಿಟ್ಟ. ಕೊಳವೆಗಳಿಗೆ ಕಿವಿಯಿಡುವುದನ್ನು ಮಾತ್ರ ಬಿಡಲಿಲ್ಲ. ನಾನು ತಡೆಯಲಾರದೆ ಮ್ಯಾನೇಜರರನ್ನು ಕಾಡಿ, ಕೊಪ್ಪಳದ ಆಚೆ ತುದಿಯಲ್ಲಿ ಕಂಪನಿಯ ಒಂದು ಮನೆ ಅವನಿಗೆ ಸಿಗುವಂತೆ ಮಾಡಿದೆ. ಅಲ್ಲಿಗೆ ಹೊಗೆ ಅಷ್ಟಾಗಿ ಬರುವುದಿಲ್ಲ, ಕಿಟಕಿಗೆ ಗಾಜಿದೆ. ಐದನೆಯ ಬುಧವಾರ ಮಧ್ಯಾಹ್ನ ನನ್ನ ಬೈಕಿನ ಹಿಂದೆ ಅವನನ್ನು ಕೂರಿಸಿಕೊಂಡು ನಾನೇ ಅಳವಂಡಿಗೆ ಹೊರಟೆ. ಅವನ ಪರವಾಗಿ ನಾಲ್ಕು ಮಾತಾಡಿ ಪಾರ್ವತೆಮ್ಮನನ್ನು ಒಪ್ಪಿಸಿಯೇ ಬರುವುದೆಂದು ನನ್ನ ಹುರುಪು.

ಹನಮೇಶ ಗಿರಣಿಯಲ್ಲಿದ್ದ. ಪಾರ್ವತೆಮ್ಮ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದವಳು, ಮೊರ ಪಕ್ಕಕ್ಕಿಟ್ಟು ನಮಗೆ ನೀರು ತಂದುಕೊಟ್ಟಳು. ಉಸಿರು ಸರಾಗವಾಗಿತ್ತು, ಮುಖದಲ್ಲಿ ಕಳೆ ಇತ್ತು. ನಾನು ಹೊಸ ಮನೆಯ ವರ್ಣನೆ ಶುರು ಮಾಡಿದೆ. ಎರಡು ಕೋಣೆ, ನಲ್ಲಿಯ ನೀರು, ಗಾಜಿನ ಕಿಟಕಿ. ಓಬಳೆಪ್ಪ ನೆಲ ನೋಡುತ್ತ ಕೂತಿದ್ದ. ನಾನು ಮುಗಿಸಿದ ಮೇಲೆ ಅವನು ತಲೆಯೆತ್ತದೆ, "ಬರ್ತಿಯೇನ ಪಾರೀ?" ಎಂದ.

ಅವಳು ಸಿಟ್ಟಿಲ್ಲದೆ, ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದಳು:

"ಎಂಟ ವರ್ಸ ಕರಿಯಾಕ ಬಂದ್ರಿ. ಒಂದ ದಿನ 'ನಾ ಇರ್ತೀನಿ' ಅಂತ ಬರ್ಲಿಲ್ಲ."

ಓಬಳೆಪ್ಪ ತಲೆಯೆತ್ತಿ ಅವಳನ್ನು ನೋಡಿದ. ಮನೆಅಳಿಯ ಎಂಬ ಮಾತು ಈಗ ಬರುತ್ತದೆ ಎಂದು ನಾನು ಕಾದೆ, ಬರಲಿಲ್ಲ. ಎದ್ದು ನಿಂತು, ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಕೈಯಲ್ಲೆತ್ತಿಕೊಂಡು ಒಳಗೆ ಹೋಗಿ ಗೋಡೆಯ ಬದಿಗೆ ಇಟ್ಟು ಬಂದ.

"ಸಾಹೇಬ್ರ, ನೀವು ಹೋಗ್ರಿ," ಎಂದ.

"ಟವರು?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಅದೇನು, ಕಲ್ತವರು ಅದಾರಲ್ರಿ," ಎಂದು ಅವನು ಮೊರವನ್ನು ತನ್ನ ಕಡೆ ಎಳೆದುಕೊಂಡು, ತೊಗರಿಯಲ್ಲಿ ಕಲ್ಲು ಹುಡುಕತೊಡಗಿದ. ಅವನ ಕಣ್ಣಿಗೆ ಆ ಹೊತ್ತಿನಲ್ಲಿ ಕಲ್ಲೂ ತೊಗರಿಯೂ ಒಂದೇ ಆಗಿ ಕಂಡಿರಬೇಕು.

ಪಾರ್ವತೆಮ್ಮ ನನ್ನನ್ನು ಬೈಕಿನ ತನಕ ಕಳಿಸಲು ಬಂದಳು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಎಂಟು ವರ್ಷ ಆ ಮನುಷ್ಯ ಹೇಗೆ ಬದುಕಿದ ಎಂದು ನಾನು ಕಣ್ಣಾರೆ ಕಂಡವನು.

"ಅಲ್ಲವ್ವಾ, ಇಷ್ಟ ಮಾತು ಆವತ್ತ ಹೇಳಿದ್ರ ಆಗ್ತಿದ್ದಿಲ್ಲೇನು? ಬರ್ರಿ ಅಂದಿದ್ರ ಅಂವ ಬರ್ತಿದ್ದಿಲ್ಲೇನು?"

"ಬರ್ತಿದ್ರು," ಎಂದಳು ಅವಳು. "ಅದಕ್ಕ ಹೇಳ್ಲಿಲ್ರಿ. ನಾ ಹೇಳ್ದಿದ್ರೂ ಬರ್ತಾರೇನೋ ಅಂತ ದಾರಿ ನೋಡ್ದೆ."

ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಮನೆಯ ಕಡೆ ತಿರುಗಿದಳು. ನಾನು ಒಬ್ಬನೇ ಬೈಕ್ ಹತ್ತಿ ಕೊಪ್ಪಳಕ್ಕೆ ಬಂದೆ.